‘ಕೊಲಾಯ್ ಗೆಲ್ಸಿನ್’ ಅಂದರೆ ಕನ್ನಡದಲ್ಲಿ ಏನು?

ಹೋದ ತಿಂಗಳು ಹದಿನೈದು ದಿನಕ್ಕೆ ಅಂತ ವಿಜಯಪುರಕ್ಕೆ ಹೋಗಿದ್ದೆವು. ಎರಡನೇ ದಿನ ಬೆಳಗ್ಗೆ ಅವ್ವ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಬಂದಿದ್ದಳು. ನನ್ನ ಆರು ವರ್ಷದ ಮಗಳು ಹೊರಗಿನ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಓಣಿ ಗುಡಿಸುವ ಹೆಂಗಸು ಕಸಬರಿಗೆ ಹಿಡಿದು ಬಂದರು. ನಮ್ಮ ಮನೆ ಮುಂದಿನ ಗಟಾರದ ಹತ್ತಿರ ಬಗ್ಗಿ ಕಸ ಎಳೆಯತೊಡಗಿದರು. ಮಗಳು ತಲೆ ಎತ್ತಿ ನೋಡಿದಳು. ಇಸ್ತಾಂಬುಲ್‌ನಲ್ಲಿ ದಿನಾ ಹೇಳುವ ಹಾಗೆಯೇ ಗಟ್ಟಿಯಾಗಿ ಹೇಳಿದಳು: "ಕೊಲಾಯ್ ಗೆಲ್ಸಿನ್!"

ಆಕೆ ಕಸಬರಿಗೆ ನಿಲ್ಲಿಸಿದರು. "ಏನಂದಿ ನನ್ನವ್ವಾ?"

ಮಗಳು ನನ್ನ ಕಡೆ ತಿರುಗಿದಳು. "ಅಮ್ಮಾ, ಇವರಿಗೆ ಟರ್ಕಿಶ್ ಬರಲ್ಲ ಅಲ್ವಾ? ಕನ್ನಡದಲ್ಲಿ ಏನು ಹೇಳ್ಬೇಕು?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಥ್ಯಾಂಕ್ಸ್ ಅಂತ ಹೇಳು ಅನ್ನಲಾ? ಅದು ಇದಲ್ಲ. ನಮಸ್ಕಾರ? ಅದೂ ಅಲ್ಲ. "ಆಮೇಲೆ ಹೇಳ್ತೀನಿ ಪುಟ್ಟಾ" ಅಂದೆ. ಆಕೆ ನಕ್ಕು ಮತ್ತೆ ಬಗ್ಗಿ ಕಸ ಎಳೆದರು. ಇಸ್ತಾಂಬುಲ್‌ಗೆ ವಾಪಸ್ ಬಂದು ಮೂರು ವಾರ ಆಯಿತು. ಆ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಕೊಲಾಯ್ ಅಂದರೆ ಸುಲಭ. ಗೆಲ್ಸಿನ್ ಅಂದರೆ ಬರಲಿ. ಮಾಡುತ್ತಿರುವ ಕೆಲಸ ನಿಮಗೆ ಹಗುರಾಗಲಿ ಅಂತ ಹಾರೈಕೆ. ಟರ್ಕಿಯಲ್ಲಿ ಕೆಲಸದಲ್ಲಿರುವ ಯಾರನ್ನು ಕಂಡರೂ ಇದನ್ನು ಹೇಳುತ್ತಾರೆ. ನಲ್ಲಿ ರಿಪೇರಿಗೆ ಬಂದವರಿಗೆ, ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ, ಮೀನು ಮಾರುವವರಿಗೆ, ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ, ತಮ್ಮದೇ ಮನೆಯ ಕಿಟಕಿ ಒರೆಸುತ್ತಿರುವ ನೆರೆಯವರಿಗೆ. ಪರಿಚಯ ಬೇಕಿಲ್ಲ. ನಿಲ್ಲಬೇಕಾಗಿಯೂ ಇಲ್ಲ, ನಡೆಯುತ್ತಲೇ ಹೇಳಬಹುದು. ಅವರು ‘ಸಾ ಓಲ್’ ಅನ್ನುತ್ತಾರೆ. ಅದು ಅವರ ಥ್ಯಾಂಕ್ಸ್. ಆದರೆ ಅದರ ಅರ್ಥ ‘ಚೆನ್ನಾಗಿ ಬದುಕಿರು’ ಅಂತ.

ನಾನು ಕಲಿತ ಮೊದಲ ಟರ್ಕಿಶ್ ಮಾತು ಇದೇ. ಪುಸ್ತಕದಲ್ಲಿ ಮೊದಲ ಪಾಠ ‘ಮೆರ್ಹಬಾ’, ಅಂದರೆ ನಮಸ್ಕಾರ. ಆದರೆ ನನಗೆ ಕಲಿಸಿದ್ದು ಪುಸ್ತಕ ಅಲ್ಲ, ಕೆಳಗಿನ ಮನೆಯ ತೇಯ್ಝೆ.

ಐದು ವರ್ಷದ ಹಿಂದೆ ಇಸ್ತಾಂಬುಲ್‌ನ ಕಾದಿಕೋಯ್ ಬಡಾವಣೆಗೆ ಬಂದಾಗ ನನಗೆ ಈ ಭಾಷೆಯ ಒಂದು ಅಕ್ಷರವೂ ಗೊತ್ತಿರಲಿಲ್ಲ. ಗಂಡ ಆಫೀಸಿಗೆ, ಮಗು ಕಂಕುಳಲ್ಲಿ. ಮೂಲೆಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಮೊದಲ ವಾರ ಅಲ್ಲಿಗೆ ಹೋಗಿ ಮೊಬೈಲ್‌ನಲ್ಲಿ ನೋಡಿಕೊಂಡು ಕೇಳಿದೆ: "ಎಕ್ಮೆಕ್ ವಾರ್ ಮಿ?" ಬ್ರೆಡ್ ಇದೆಯಾ ಅಂತ. ಅಂಗಡಿಯವನು ಮಾತೇ ಆಡಲಿಲ್ಲ. ಹುಬ್ಬು ಮೇಲೆತ್ತಿ, ತಲೆ ಸ್ವಲ್ಪ ಹಿಂದಕ್ಕೆ ಮಾಡಿ, ನಾಲಿಗೆಯಿಂದ ‘ಚ್’ ಅಂದ. ನಮ್ಮ ಕಡೆ ಹಾಗೆ ಲೊಚಗುಟ್ಟಿದರೆ ಏನರ್ಥ ಹೇಳಿ? ನೀನು ಯಾವ ಲೆಕ್ಕ ಅಂದ ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು. ಬರಿಗೈಯಲ್ಲಿ ವಾಪಸ್ ಬಂದೆ. ಮೆಟ್ಟಿಲ ಹತ್ತಿರ ತೇಯ್ಝೆ ಸಿಕ್ಕರು. ನಾನು ‘ಎಕ್ಮೆಕ್’ ಅಂದು, ಹುಬ್ಬೆತ್ತಿ, ಲೊಚಗುಟ್ಟಿ ತೋರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. "ಯೋಕ್, ಯೋಕ್" ಅಂದರು. ಅಂದರೆ ‘ಇಲ್ಲ’. ಇಲ್ಲಿ ಹುಬ್ಬೆತ್ತಿ ‘ಚ್’ ಅಂದರೆ ‘ಇಲ್ಲ’ ಅಂತ ಅಷ್ಟೇ. ಅವಮಾನ ಏನಿಲ್ಲ. ಬ್ರೆಡ್ ಖಾಲಿಯಾಗಿತ್ತು, ಅಷ್ಟೆ. ತೇಯ್ಝೆ ಒಳಗೆ ಹೋಗಿ ಅರ್ಧ ಬ್ರೆಡ್ ತಂದು ನನ್ನ ಕೈಗೆ ಕೊಟ್ಟರು.

ಮಾರನೇ ದಿನ ಅವರೇ ನನ್ನನ್ನು ಆ ಅಂಗಡಿಗೆ ಕರೆದುಕೊಂಡು ಹೋದರು. ಒಳಗೆ ಕಾಲಿಡುವಾಗ ನನ್ನ ಮೊಣಕೈ ಮುಟ್ಟಿ, ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ "ಕೊ-ಲಾಯ್ ಗೆಲ್-ಸಿನ್" ಅಂದರು. ನಾನು ಹೇಳಿದೆ. ಲೊಚಗುಟ್ಟಿದ್ದ ಅದೇ ಮನುಷ್ಯ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡು "ಸಾ ಓಲ್ ಆಬ್ಲಾ" ಅಂದ. ಆಬ್ಲಾ ಅಂದರೆ ಅಕ್ಕ. ಊರು ಬಿಟ್ಟು ಎಂಟು ದಿನಕ್ಕೆ ನನ್ನನ್ನು ಅಕ್ಕ ಅಂದ ಮೊದಲ ಮನುಷ್ಯ ಅವನು.

ತೇಯ್ಝೆ ಅನ್ನುವುದು ಹೆಸರಲ್ಲ. ತಾಯಿಯ ಅಕ್ಕತಂಗಿಯರಿಗೆ ಹಾಗೆ ಕರೆಯುತ್ತಾರೆ. ನಮ್ಮ ಕಡೆ ಚಿಗವ್ವ, ದೊಡ್ಡವ್ವ ಇದ್ದ ಹಾಗೆ. ವಯಸ್ಸಾದ ಯಾವ ಹೆಂಗಸನ್ನೂ ತೇಯ್ಝೆ ಅನ್ನಬಹುದು, ಗಂಡಸರನ್ನು ಆಮ್ಜಾ ಅನ್ನಬಹುದು. ಅಪ್ಪನ ಅಣ್ಣತಮ್ಮಂದಿರು ಆಮ್ಜಾ, ತಾಯಿಯ ಅಣ್ಣತಮ್ಮಂದಿರು ದಾಯಿ, ಸೋದರತ್ತೆ ಹಾಲಾ. ಅಂಕಲ್, ಆಂಟಿ ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕುವುದಿಲ್ಲ. ಅಣ್ಣತಮ್ಮಂದಿರ ಹೆಂಡಂದಿರು ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದಕ್ಕೂ ಒಂದು ಪದ ಇದೆ, ‘ಎಲ್ತಿ’. ನಮ್ಮ ಕಡೆ ನೆಗೆಣ್ಣಿ ಅನ್ನುತ್ತೇವೆ, ದಕ್ಷಿಣದ ಕಡೆಯವರು ವಾರಗಿತ್ತಿ ಅನ್ನುತ್ತೀರಿ. ಅಕ್ಕತಂಗಿಯರ ಗಂಡಂದಿರು ‘ಬಾಜಾನಾಕ್’, ಅಂದರೆ ನಮ್ಮ ಷಡ್ಡಕ! ಈ ಪದ ಕೇಳಿದ ದಿನ ನಾನು ಅವ್ವನಿಗೆ ಫೋನ್ ಮಾಡಿ ಹೇಳಿದ್ದೆ. "ಹಂಗಾರ ಅವರೂ ನಮ್ಮಂಗ ಮನಿತನಸ್ಥ ಮಂದಿ" ಅಂದಿದ್ದಳು.

ಆಮೇಲೆ ನಗರಪಾಲಿಕೆಯ ಭಾಷಾ ತರಗತಿಗೆ ಸೇರಿದೆ. ಹದಿನಾಲ್ಕು ಜನ. ರಷ್ಯಾದವರು, ಸಿರಿಯಾದವರು, ಇರಾನಿನ ಇಬ್ಬರು, ಒಬ್ಬ ಜರ್ಮನ್ ಹೆಂಗಸು. ಓದುವುದು ಕಷ್ಟವಾಗಲಿಲ್ಲ. 1928ರಲ್ಲಿ ಅತಾತುರ್ಕ್ ಕಾಲದಲ್ಲಿ ಅರಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತಂದರು. ಒಟ್ಟು 29 ಅಕ್ಷರ. ಹೆಚ್ಚು ಕಡಿಮೆ ಕನ್ನಡದ ಹಾಗೆ, ಬರೆದಂತೆಯೇ ಓದುವುದು. ಇಂಗ್ಲಿಷಿನ ‘ಸಿ’ಯನ್ನು ಇಲ್ಲಿ ‘ಜ’ ಅನ್ನಬೇಕು ಅನ್ನುವಂಥ ನಾಲ್ಕೈದು ವಿಷಯ ನೆನಪಿಟ್ಟುಕೊಂಡರೆ ಸಾಕು.

ನಿಜವಾದ ಖುಷಿ ವ್ಯಾಕರಣದಲ್ಲಿತ್ತು. ‘ಎವ್’ ಅಂದರೆ ಮನೆ. ಎವ್ದೆ, ಮನೆಯಲ್ಲಿ. ಎವ್ದೆನ್, ಮನೆಯಿಂದ. ಎವೆ, ಮನೆಗೆ. ಎವ್ಲೆರ್, ಮನೆಗಳು. ಎವ್ದೆಯಿಮ್, ಮನೆಯಲ್ಲಿದ್ದೇನೆ. ಒಂದು ಪದದ ಬಾಲಕ್ಕೆ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು. ಕ್ರಿಯಾಪದ ಕೊನೆಗೆ. ‘ಸು ವಾರ್ ಮಿ?’ ಅಂದರೆ ‘ನೀರು ಇದೆಯಾ?’. ಪದಕ್ಕೆ ಪದ ಕೂರುತ್ತದೆ. ನೀನು, ನೀವು ಇದ್ದ ಹಾಗೆ ಸೆನ್, ಸಿಝ್ ಇದೆ. ಚಹಾ ಗಿಹಾ ಅಂದ ಹಾಗೆ ‘ಚಾಯ್ ಮಾಯ್’ ಅನ್ನುತ್ತಾರೆ. ಹಸಿರಿಗೆ ‘ಯೆಶಿಲ್’, ಹಚ್ಚಹಸಿರಿಗೆ ‘ಯೆಮ್‌ಯೆಶಿಲ್’. ಎರಡೂ ಬೇರೆ ಬೇರೆ ಕುಲದ ಭಾಷೆಗಳು, ಗೊತ್ತು. ಆದರೂ ಪಾಠ ಕೇಳುತ್ತಾ ಕೂತಾಗ ದೂರದ ಊರಲ್ಲಿ ನೆಂಟರು ಸಿಕ್ಕಂತೆ ಅನ್ನಿಸುತ್ತಿತ್ತು.

ಒಂದು ದಿನ ಟೀಚರ್ ‘ಮಿಶ್’ ಅನ್ನುವ ಪ್ರತ್ಯಯ ಹೇಳಿಕೊಟ್ಟರು. ‘ಗೆಲ್ದಿ’ ಅಂದರೆ ಬಂದ, ನಾನೇ ನೋಡಿದೆ. ‘ಗೆಲ್ಮಿಶ್’ ಅಂದರೆ ಬಂದ, ಆದರೆ ನಾನು ನೋಡಿಲ್ಲ. ಯಾರೋ ಹೇಳಿದರು, ಅಥವಾ ಗುರುತು ನೋಡಿ ಗೊತ್ತಾಯಿತು. ಜರ್ಮನ್ ಹೆಂಗಸು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಟೀಚರ್ ಬೋರ್ಡಿನ ತುಂಬಾ ಬರೆದರು. ನಾನು ಕೈ ಎತ್ತಿ, ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಸಣ್ಣ ಪದ ಸಾಕು ಅಂದೆ. ‘ಅಂತೆ’. ಬಂದನಂತೆ, ಹೋದಳಂತೆ, ಮದುವೆ ಆಯಿತಂತೆ. ಇಲ್ಲಿ ಕಥೆಗಳು ‘ಬಿರ್ ವಾರ್ಮಿಶ್, ಬಿರ್ ಯೋಕ್‌ಮುಶ್’ ಅಂತ ಶುರುವಾಗುತ್ತವೆ. ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ. ನಮ್ಮ ಅಜ್ಜಿಯೂ ‘ಒಂದೂರಾಗ ಒಬ್ಬ ರಾಜ ಇದ್ದನಂತ’ ಅಂತಲೇ ಶುರು ಮಾಡುತ್ತಿದ್ದಳಲ್ಲ! ಟೀಚರ್ ‘ಅಂತೆ’ಯನ್ನು ಬೋರ್ಡಿನ ಮೇಲೆ ಟರ್ಕಿಶ್ ಅಕ್ಷರದಲ್ಲಿ ಬರೆಸಿಕೊಂಡರು. ಹದಿಮೂರು ಜನ ಒಟ್ಟಿಗೆ ಅದನ್ನು ಓದಿದರು. ಬೋಸ್ಫರಸ್ ದಂಡೆಯ ಊರಿನ ಒಂದು ಕೋಣೆಯಲ್ಲಿ ಅವತ್ತು ಅಷ್ಟು ಜನ ಕನ್ನಡದ ಒಂದು ಪದ ಹೇಳಿದರು. ಆ ಖುಷಿ ನನಗೆ ಇವತ್ತಿಗೂ ಇದೆ.

ನಾನು ವಿಜಯಪುರದವಳು. ಹಾಗಾಗಿ ಇಲ್ಲಿ ಬೀದಿಯಲ್ಲಿ ನಡೆಯುವಾಗ ಕಿವಿಗೆ ಬೀಳುವ ಪದಗಳು ಸುಮ್ನೆ ಬಿಡುವುದಿಲ್ಲ. ಒಂದು ಸಂಜೆ ಪಾರ್ಕಿನಲ್ಲಿ ಹುಡುಗರು ಮಗಳ ಕಡೆ ನೋಡಿ "ತೋಪ್! ತೋಪ್!" ಅಂತ ಕೂಗುತ್ತಿದ್ದರು. ಅವಳ ಕಾಲ ಹತ್ತಿರ ಅವರ ಚೆಂಡು ಬಂದಿತ್ತು. ಟರ್ಕಿಶ್‌ನಲ್ಲಿ ತೋಪ್ ಅಂದರೆ ಚೆಂಡು. ತೋಪ್ ಅಂದರೆ ಫಿರಂಗಿಯೂ ಹೌದು. ಇಲ್ಲಿನ ತೋಪ್‌ಕಾಪಿ ಅರಮನೆ ಅಂದರೆ ತೋಪಿನ ಬಾಗಿಲು. ನಮ್ಮ ಕನ್ನಡದ ತೋಪು ಇಲ್ಲಿಂದಲೇ ಬಂದದ್ದು. ಪದ ಮಾತ್ರ ಅಲ್ಲ. ನಮ್ಮೂರ ಶೇರ್ಜಾ ಬುರ್ಜಿನ ಮೇಲೆ ಮಲಗಿದೆಯಲ್ಲ, 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು, ಅದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಕುಶಲಕರ್ಮಿಯ ಹೆಸರಿನ ಕೊನೆಗೆ ‘ರೂಮಿ’ ಅಂತ ಇದೆ. ರೂಮ್ ಅಂದರೆ ಆ ಕಾಲಕ್ಕೆ ಈ ಟರ್ಕಿ ಸೀಮೆ. ಚಿಕ್ಕಂದಿನಲ್ಲಿ ನಾವು ಆ ತೋಪಿನ ತಣ್ಣನೆಯ ಮೈಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದೆವು. ಬಾಯಿಯ ಕಡೆ ಸಿಂಹ ಆನೆಯನ್ನು ನುಂಗುತ್ತಿರುವ ಕೆತ್ತನೆ. ಆ ಕೆಲಸದವನು ಯಾವ ಊರು ಬಿಟ್ಟು ಎಷ್ಟು ದೂರ ಬಂದಿದ್ದನೋ. ನಮ್ಮ ಕಡೆಯ ಮಾತು ಅವನೂ ನಾಲ್ಕು ಕಲಿತಿರಬೇಕಲ್ವಾ?

ಬುರ್ಜು ಇಲ್ಲಿ ‘ಬುರ್ಚ್’. ಹಮಾಲ ಇಲ್ಲಿಯೂ ಹಮಾಲ್. ಮೈದಾನ, ಪರದೆ, ಸಾಬೂನು, ಕಾನೂನು, ಜವಾಬು, ಎಲ್ಲಾ ಅರಬಿ, ಪಾರಸಿಯಿಂದ ಆ ಕಡೆಗೂ ಹೋಗಿವೆ, ಈ ಕಡೆಗೂ ಬಂದಿವೆ. ಸಂತೆಯಲ್ಲಿ ತರಕಾರಿಯವಳಿಗೆ ದುಡ್ಡು ಕೊಟ್ಟರೆ ‘ಬೆರೆಕೆತ್ ವೆರ್ಸಿನ್’ ಅನ್ನುತ್ತಾಳೆ. ಬರಕತ್ತು ಬರಲಿ ಅಂತ. ನಮ್ಮಜ್ಜನೂ ‘ಈ ರೊಕ್ಕಕ್ಕ ಬರಕತ್ತ ಇಲ್ಲ’ ಅನ್ನುತ್ತಿದ್ದ.

ಪದ ಕಲಿಯುವುದು ಸುಲಭ. ಯಾವ ಪದ ಯಾವಾಗ ಹೇಳಬೇಕು ಅನ್ನುವುದು ಕಲಿಯಲು ನನಗೆ ಬಹಳ ದಿನ ಹಿಡಿಯಿತು. ಇಲ್ಲಿ ದಿನದ ಪ್ರತಿ ಸಂದರ್ಭಕ್ಕೂ ಒಂದು ಸಿದ್ಧ ಹಾರೈಕೆ ಇದೆ. ಹುಷಾರಿಲ್ಲದವರಿಗೆ ‘ಗೆಚ್ಮಿಶ್ ಓಲ್ಸುನ್’, ಕಳೆದುಹೋಗಲಿ ಅಂತ. ಹೊಸ ಬಟ್ಟೆ ಹಾಕಿಕೊಂಡವರಿಗೆ ನಗುನಗುತ್ತಾ ಬಳಸು ಅಂತ. ಸ್ನಾನ ಮಾಡಿ ಬಂದವರಿಗೆ, ಕ್ಷೌರ ಮಾಡಿಸಿಕೊಂಡು ಬಂದವರಿಗೆ ಕೂಡ ಒಂದಿದೆ. ಸೀನಿದರೆ ‘ಚೋಕ್ ಯಾಶಾ’, ಬಹಳ ದಿನ ಬಾಳು. ಅದಕ್ಕೆ ಸೀನಿದವರು ‘ಸೆನ್ ದೆ ಗ್ಯೋರ್’ ಅನ್ನಬೇಕು. ಅದನ್ನು ನೋಡಲು ನೀನೂ ಇರು ಅಂತ. ನಾವು ಮಕ್ಕಳು ಸೀನಿದರೆ ನೂರು ವರ್ಷ ಅನ್ನುತ್ತೇವಲ್ಲ, ಆ ಮಾತಿಗೆ ಉತ್ತರ ಇಲ್ಲಿದೆ ಅನ್ನಿಸಿತು.

ಮೊಹರಂ ತಿಂಗಳಲ್ಲಿ ತೇಯ್ಝೆ ‘ಆಶುರೆ’ ಮಾಡಿ ಕಟ್ಟಡದ ಎಲ್ಲಾ ಮನೆಗೂ ಹಂಚುತ್ತಾರೆ. ಗೋಧಿ, ಕಡಲೆ, ಒಣಹಣ್ಣು ಹಾಕಿ ಕುದಿಸಿದ ಸಿಹಿ. ನಮ್ಮ ಗೋಧಿ ಹುಗ್ಗಿಯ ತಂಗಿ ಅನ್ನಬಹುದು. ಬಟ್ಟಲು ಖಾಲಿ ಕೊಡಬಾರದು ಅನ್ನುವುದು ಇಲ್ಲೂ ಇದೆ. ಮೊದಲ ವರ್ಷ ಆ ಬಟ್ಟಲಲ್ಲಿ ಅವ್ವ ಕಳಿಸಿದ್ದ ಶೇಂಗಾ ಹೋಳಿಗೆ ಇಟ್ಟು ಕೊಟ್ಟೆ. ತೇಯ್ಝೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು "ಎಲಿನಿಝೆ ಸಾಲಿಕ್" ಅಂದರು. ನಿಮ್ಮ ಕೈಗೆ ಆರೋಗ್ಯ ಇರಲಿ. ಮಾಡಿದ್ದು ನಾನಲ್ಲ, ನಮ್ಮವ್ವ ಅಂದೆ. "ಹಾಗಾದರೆ ಅವರ ಕೈಗೆ ಹೇಳು" ಅಂದರು. ಅವತ್ತು ರಾತ್ರಿ ಫೋನ್ ಮಾಡಿ ಅವ್ವನಿಗೆ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೈಗೆ ಅಂದ್ರಾ? ಬರೇ ಕೈಗೆ?" ಅಂತ ಎರಡು ಸಲ ಕೇಳಿದಳು. ನಮ್ಮ ಮನೆಯಲ್ಲಿ ಊಟ ಆದ ಮೇಲೆ ಅಪ್ಪ ‘ಅನ್ನದಾತಾ ಸುಖೀಭವ’ ಅನ್ನುತ್ತಿದ್ದರು. ಅದು ಅನ್ನ ಕೊಟ್ಟವನಿಗೆ. ರೊಟ್ಟಿ ಬಡಿದ ಕೈಗೆ ಯಾರೂ ಏನೂ ಅಂದಿರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ನಾನು ಹೊರಡುವ ವಿಮಾನ ಮಾರನೇ ದಿನ ಇತ್ತು. ಆ ರಾತ್ರಿ ಕಟ್ಟಡದವರು ಒಬ್ಬೊಬ್ಬರೇ ಬಂದರು. ಎಲ್ಲರದೂ ಒಂದೇ ಮಾತು. "ಬಾಶಿನಿಝ್ ಸಾ ಓಲ್ಸುನ್." ನಿಮ್ಮ ತಲೆ ಚೆನ್ನಾಗಿರಲಿ. ಏನು ಹೇಳಬೇಕು ಅಂತ ಯಾರೂ ಹುಡುಕಾಡಲಿಲ್ಲ. ಸಾವಿನ ಮನೆಗೆ ಬಂದು ಮಾತು ಸಿಗದೆ ನೆಲ ನೋಡುತ್ತಾ ಕೂರುವ ಕಷ್ಟ ನನಗೆ ಗೊತ್ತು. ಆ ಕಷ್ಟದಿಂದ ಭಾಷೆಯೇ ಅವರನ್ನು ಪಾರು ಮಾಡಿತ್ತು. ಜೊತೆಗೆ ಅನ್ನ, ಸೂಪು ತಂದಿದ್ದರು. ನಮ್ಮ ಕಡೆ ಬುತ್ತಿ ತರುವ ಹಾಗೆಯೇ.

ಈ ಸಲ ಊರಿಗೆ ಹೊರಡುವಾಗ ತೇಯ್ಝೆ ಕೆಳಗೆ ಬಂದರು. ಟ್ಯಾಕ್ಸಿ ಹೊರಟ ಮೇಲೆ ಅದರ ಹಿಂದೆ ಒಂದು ತಂಬಿಗೆ ನೀರು ಚೆಲ್ಲಿದರು. ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ ಅಂತ. ‘ಹೋಗ್ತೀನಿ’ ಅನ್ನಬೇಡ, ‘ಹೋಗಿ ಬರ್ತೀನಿ’ ಅನ್ನು ಅಂತ ಅವ್ವ ಬೈಯುವುದು ನೆನಪಾಯಿತು. ಹೊರಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದ್ದರು. "ಹಾಕ್ಕಿನಿ ಹೆಲಾಲ್ ಎತ್." ಇಲ್ಲಿ ಹಾಕ್ ಅಂದರೆ ನಮ್ಮ ಹಕ್ಕು. ನನ್ನಿಂದ ನಿನಗೆ ಸಲ್ಲಬೇಕಾದದ್ದು ಏನಾದರೂ ಬಾಕಿ ಇದ್ದರೆ ಬಿಟ್ಟುಕೊಡು, ಮನ್ನಿಸು ಅಂತ. ದೂರ ಹೋಗುವವರು, ವಯಸ್ಸಾದವರು ಹೀಗೆ ಕೇಳಿಕೊಳ್ಳುತ್ತಾರೆ. ನಾನು ‘ಹೆಲಾಲ್ ಓಲ್ಸುನ್’ ಅಂದೆ. ಅವರ ಅರ್ಧ ಬ್ರೆಡ್ಡಿನ ಋಣ ನನ್ನ ಮೇಲೇ ಇದೆ.

ಹೀಗೆ ನೀರು ಚೆಲ್ಲಿಸಿಕೊಂಡು ಊರಿಗೆ ಬಂದವಳು, ಮಗಳ ಒಂದು ಪ್ರಶ್ನೆಗೆ ನಿಂತುಬಿಟ್ಟೆ.

ಅವತ್ತು ಮಧ್ಯಾಹ್ನ ಅವ್ವನನ್ನು ಕೇಳಿದೆ, ಕೆಲಸ ಮಾಡೋರನ್ನ ಕಂಡ್ರೆ ನಮ್ಮಲ್ಲಿ ಏನು ಅಂತಾರೆ ಅಂತ. ಅವ್ವ ಸೊಪ್ಪು ಬಿಡಿಸುತ್ತಾ ಯೋಚಿಸಿದಳು. "ಕಣದಾಗ ಅಂತಿದ್ರಲ್ಲ" ಅಂದಳು. ನೆನಪಾಯಿತು. ಅಜ್ಜನ ಹೊಲದಲ್ಲಿ ಜೋಳದ ರಾಶಿ ನಡೆಯುವಾಗ ದಾರಿಯಲ್ಲಿ ಹೋಗುವವರು ನಿಂತು ‘ಹುಲುಸಾಗಲಿ’ ಅನ್ನುತ್ತಿದ್ದರು. ಅಜ್ಜ ಜೋಳ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಲಾಭ, ಎರಡು, ಮೂರು. ಎಷ್ಟು ಚೆಂದದ ಮಾತುಗಳು ನಮ್ಮಲ್ಲಿದ್ದವು! ಆದರೆ ಅವೆಲ್ಲ ಬೆಳೆಗೆ, ರಾಶಿಗೆ. ಬಿಸಿಲಲ್ಲಿ ಬಗ್ಗಿ ಕೊಯ್ದವರಿಗೆ ಅಲ್ಲ. ಓಣಿ ಗುಡಿಸುವವರಿಗೆ ಯಾರಾದರೂ ಏನಾದರೂ ಹಾರೈಸಿದ್ದನ್ನು ನಾನು ಕೇಳಿದ ನೆನಪಿಲ್ಲ. ಅವ್ವನಿಗೂ ಇರಲಿಲ್ಲ.

"ಅಜ್ಜೀ, ಅವರ ಹೆಸರೇನು?" ಮಗಳು ಕೇಳಿದಳು.

"ಯಾರದು?"

"ಬೆಳಗ್ಗೆ ಬಂದಿದ್ರಲ್ಲ, ಆ ತೇಯ್ಝೆ."

ಅವ್ವ ನನ್ನ ಮುಖ ನೋಡಿದಳು. "ನಾವು ಕಸದಾಕಿ ಅಂತೀವಿ" ಅಂದಳು, ದನಿ ತಗ್ಗಿಸಿ. ಹನ್ನೊಂದು ವರ್ಷದಿಂದ ಆಕೆ ನಮ್ಮ ಓಣಿಗೆ ಬರುತ್ತಿದ್ದಾರಂತೆ. ನೋಡಿ, ಇಲ್ಲೂ ‘ಅಂತೆ’. ನಾನೂ ಮದುವೆಗೆ ಮುಂಚೆ ಅದೇ ಮನೆಯಲ್ಲಿದ್ದವಳು. ನನ್ನ ಕಣ್ಣೆದುರೇ ಬಂದುಹೋದವರು. ನಾನು ಆ ಮಾತನ್ನು ‘ಮಿಶ್’ ಹಚ್ಚಿ ಹೇಳಬೇಕಾಗಿದೆ.

ಟರ್ಕಿಯಲ್ಲಿ ಎಲ್ಲಾ ಚೆಂದ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಟ್ಟಡದ ಕೆಲಸ ನೋಡಿಕೊಳ್ಳುವ ಕುಟುಂಬ ನೆಲಮಾಳಿಗೆಯ ಕತ್ತಲೆ ಕೋಣೆಯಲ್ಲೇ ಇದೆ. ದೊಡ್ಡ ಚೀಲದ ಗಾಡಿ ಎಳೆದುಕೊಂಡು ರದ್ದಿ ಆರಿಸುವ ಹುಡುಗರಿದ್ದಾರೆ. ಅವರಿಗೆ ಕೊಲಾಯ್ ಗೆಲ್ಸಿನ್ ಹೇಳದೆ ಪಕ್ಕಕ್ಕೆ ಸರಿದು ಹೋಗುವವರನ್ನು ನಾನೇ ನೋಡಿದ್ದೇನೆ. ಒಂದು ಮಾತಿನಿಂದ ಯಾರ ಸಂಬಳವೂ ಜಾಸ್ತಿ ಆಗುವುದಿಲ್ಲ. ಆದರೆ ಬೀದಿ ಗುಡಿಸುವವರು ನಮ್ಮ ಮೆಟ್ಟಿಲ ಹತ್ತಿರ ಬಂದರೆ ತೇಯ್ಝೆ ಟ್ರೇಯಲ್ಲಿ ಚಹಾ ತರುತ್ತಾರೆ. ನಡು ಸಣ್ಣಗಿರುವ ಆ ಗಾಜಿನ ಲೋಟ, ತಟ್ಟೆ, ಪಕ್ಕದಲ್ಲಿ ಎರಡು ತುಂಡು ಸಕ್ಕರೆ. ನನಗೆ ಕೊಡುವ ಲೋಟವೂ ಅದೇ.

ಮಗಳು ನೋಡಿ ಬೆಳೆದದ್ದು ಅದನ್ನು.

ನನ್ನಿಂದ ಉತ್ತರ ಬರಲಿಲ್ಲ ಅಂತ ಅವಳು ತಾನೇ ಒಂದು ಮಾತು ಹುಡುಕಿಕೊಂಡಳು. ವಿಜಯಪುರದಲ್ಲಿ ಯಾರು ಎದುರಾದರೂ ‘ಚಹಾ ಆತೇನ್ರಿ?’, ‘ಊಟ ಆತೇನ್ರಿ?’ ಅಂತಾರಲ್ಲ, ನಾಲ್ಕೈದು ದಿನ ಕೇಳಿ ಕೇಳಿ ಅವಳ ಬಾಯಿಗೆ ಅದು ಬಂದಿತ್ತು. ಒಂದು ಬೆಳಗ್ಗೆ ಕಟ್ಟೆಯಿಂದ ಇಳಿದು ಹೋಗಿ ಆಕೆಯ ಮುಂದೆ ನಿಂತು ಕೇಳಿಯೇಬಿಟ್ಟಳು.

"ಚಿಗವ್ವಾ, ಚಹಾ ಆತೇನ್ರಿ?"

ಚಿಗವ್ವ ಅನ್ನುವುದನ್ನು ಅವಳಿಗೆ ಹೇಳಿಕೊಟ್ಟವಳು ನಾನೇ. ತೇಯ್ಝೆಗೆ ಕನ್ನಡ ಏನು ಅಂತ ಕೇಳಿದ್ದಳು, ಅದು ನನಗೆ ಗೊತ್ತಿತ್ತು.

ಆಕೆ ಸೊಂಟದ ಮೇಲೆ ಕೈ ಇಟ್ಟು ನಕ್ಕರು. ಮುಖ ಪೂರ್ತಿ ನಗು. "ಇಲ್ಲ ನನ ಬಂಗಾರಾ, ಇನ್ನಾ ಆಗಿಲ್ಲ."

ಮಗಳು ಒಳಗೆ ಓಡಿದಳು. ಶೋಕೇಸಿನಿಂದ ಹೂವಿನ ಚಿತ್ರದ ಕಪ್ಪು ತಂದು ಒಲೆಯ ಹತ್ತಿರ ಇಟ್ಟಳು. ಬೀಗರು ಬಂದಾಗ ತೆಗೆಯುವ ಕಪ್ಪು ಅದು. ಅವ್ವ ನನ್ನನ್ನು ನೋಡಿದಳು. ನಾನು ಅವ್ವನನ್ನು ನೋಡಿದೆ. ಯಾರೂ ಏನೂ ಅನ್ನಲಿಲ್ಲ. ಅವ್ವ ಅದಕ್ಕೇ ಚಹಾ ಸೋಸಿದಳು. ಮಗಳು ಎರಡೂ ಕೈಯಲ್ಲಿ ಕಪ್ಪು ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ಹೆಜ್ಜೆ ಇಡುತ್ತಾ ಹೊರಗೆ ಹೋದಳು.

ಆಕೆ ಎರಡು ಹೆಜ್ಜೆ ಹಿಂದೆ ಸರಿದರು. "ಇದ್ರಾಗ ಬ್ಯಾಡವಾ. ನನ್ನ ಗ್ಲಾಸು ಅಲ್ಲೇ ಗೂಡಿನ್ಯಾಗ ಐತಿ ನೋಡು."

ಕಟ್ಟೆಯ ಪಕ್ಕದ ಗೋಡೆಯಲ್ಲಿ ಒಂದು ಗೂಡು ಇದೆ. ಅದರಲ್ಲಿ ಒಂದು ಸ್ಟೀಲ್ ಗ್ಲಾಸು ಬೋರಲು ಇಟ್ಟಿರುತ್ತದೆ. ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಆಕೆಗಿಂತ ಮುಂಚೆ ಬರುತ್ತಿದ್ದವರ ಗ್ಲಾಸೂ ಅದೇ ಗೂಡಿನಲ್ಲಿತ್ತು. ಗೂಡಿನಲ್ಲಿ ಗ್ಲಾಸು ಇರುವುದು ಗೋಡೆಯಲ್ಲಿ ಕಿಟಕಿ ಇರುವ ಹಾಗೆ ಆಗಿಬಿಟ್ಟಿತ್ತು ನನಗೆ. ಮಗಳು ಗೂಡನ್ನು ನೋಡಿದಳು. ಕೈಯಲ್ಲಿದ್ದ ಕಪ್ಪನ್ನು ನೋಡಿದಳು. "ಆದ್ರೆ ಚಹಾ ಇದ್ರಲ್ಲಿದೆ" ಅಂದಳು. ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ.

ನಾನು ಹೊಸ್ತಿಲ ಒಳಗೇ ನಿಂತಿದ್ದೆ. ಹೊರಗೆ ಹೋಗಿ ಏನಾದರೂ ಹೇಳಬೇಕಿತ್ತು. ಎರಡು ಭಾಷೆಯಲ್ಲೂ ನನಗೆ ಮಾತು ಬರಲಿಲ್ಲ. ತೇಯ್ಝೆ ಹೇಳಿದ ‘ಹಾಕ್ಕಿನಿ ಹೆಲಾಲ್ ಎತ್’ ಗಂಟಲಿಗೆ ಬಂತು, ಆದರೆ ಅದಕ್ಕೆ ಕನ್ನಡ ಹುಡುಕುವುದರಲ್ಲಿ ಹೊತ್ತು ಹೋಯಿತು. ಆಕೆ ಕೊನೆಗೆ ಸೆರಗಿನಿಂದ ಕೈ ಒರೆಸಿಕೊಂಡು, ಕಪ್ಪು ಇಸಿದುಕೊಂಡು, ಗಟಾರದ ಕಡೆ ಮುಖ ಮಾಡಿ ನಿಂತೇ ಕುಡಿದರು. ಕುಡಿದು, ನಲ್ಲಿಯ ಹತ್ತಿರ ಹೋಗಿ ಕಪ್ಪು ತೊಳೆದರು. ಎರಡು ಸಲ ತೊಳೆದರು. ಕಟ್ಟೆಯ ತುದಿಗೆ ಇಟ್ಟರು.

"ಆಫಿಯೆತ್ ಓಲ್ಸುನ್" ಅಂದಳು ಮಗಳು. ಕುಡಿದದ್ದು ಮೈಗೆ ಹತ್ತಲಿ ಅಂತ. ಅದಕ್ಕೂ ಕನ್ನಡ ಏನು ಅಂತ ಅವಳು ನನ್ನನ್ನು ಕೇಳಲಿಲ್ಲ.

ಆಕೆ ಅವಳ ತಲೆ ಮುಟ್ಟಲು ಕೈ ಚಾಚಿ, ಮುಟ್ಟದೆ ತಮ್ಮ ಹಣೆಗೇ ನೆಟಿಗೆ ಮುರಿದುಕೊಂಡರು. "ನಿನ್ನ ಹೊಟ್ಟಿ ತಣ್ಣಗಿರಲಿ ನನ್ನವ್ವಾ" ಅಂದರು.

ಆಮೇಲೆ ಹೊಳೆಯಿತು, ಕನ್ನಡದಲ್ಲಿ ಹಾರೈಕೆ ಇಲ್ಲ ಅಂತ ನಾನು ಅಂದುಕೊಂಡಿದ್ದು ತಪ್ಪು. ಹೊಟ್ಟೆ ತಣ್ಣಗಿರಲಿ. ಎಷ್ಟು ಸಲ ಕೇಳಿದ್ದೇನೆ ಈ ಮಾತನ್ನು! ಬಾಗಿಲಿಗೆ ಬಂದವರು ನಮಗೆ ಹೇಳಿದ್ದು. ಒಂದು ಸಲವೂ ಬಾಗಿಲ ಒಳಗಿನಿಂದ ಹೊರಗೆ ಹೋದದ್ದನ್ನು ಕೇಳಿಲ್ಲ.

ಮೊನ್ನೆ ಭಾನುವಾರ ಅವ್ವ ಫೋನ್ ಮಾಡಿದ್ದಳು. ಮಳೆ ಚೆನ್ನಾಗಿ ಆಗಿದೆಯಂತೆ. ಪಕ್ಕದ ಮನೆ ಹುಡುಗನಿಗೆ ಕೆಲಸ ಸಿಕ್ಕಿದೆಯಂತೆ. ಮಾತು ಮುಗಿಸುವಾಗ "ಅದೇನು, ಆ ಮಾತು, ಹುಡುಗಿ ಅಂತಿದ್ಲಲ್ಲ, ಇನ್ನೊಮ್ಮೆ ಹೇಳು" ಅಂದಳು. ನಾನು ನಿಧಾನವಾಗಿ, ತೇಯ್ಝೆ ನನಗೆ ಹೇಳಿಕೊಟ್ಟ ಹಾಗೆ, ಬಿಡಿಸಿ ಹೇಳಿದೆ. ಅವ್ವ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದಳು ಅಂತ ಕಾಣುತ್ತದೆ. "ಕೊ... ಲಾಯ್... ಮುಂದ?" ಅಂತ ಕೇಳುತ್ತಿದ್ದಳು.

"ಗೆಲ್ಸಿನ್" ಅಂದೆ.

"ಗೆಲ್ಸಿನ್" ಅಂದಳು. ಆಮೇಲೆ, "ಆಕಿ ಹೆಸರು ಶಾಂತವ್ವ ಅಂತ" ಅಂದಳು.

ಗೂಡಿನ ಗ್ಲಾಸಿನ ವಿಷಯ ನಾನು ಕೇಳಲಿಲ್ಲ. ಅವ್ವನೂ ಹೇಳಲಿಲ್ಲ.